ಎರಡನೇ ಕಾರು ಕರೆಂಟಿನದಾದರೆ ಸೆಡಾನ್ ಒಳ್ಳೆಯದೋ, ಕ್ರಾಸೋವರ್ ಒಳ್ಳೆಯದೋ?

ರಾಯಚೂರಿಗೆ ಹೋಗಿ ಬರುವ ಲೆಕ್ಕ, ಓಣಿಯ ಹಂಪ್, ಮನೆಯ ಮೀಟರ್– ಮೂರನ್ನೂ ನೋಡಿ ಶೋರೂಂ ಮೆಟ್ಟಿಲು ಹತ್ತಿ

ನಾರಾಯಣಪೇಟ/ಮಕ್ತಲ್/ಗದ್ವಾಲ್: ಗಡಿಭಾಗದ ಕನ್ನಡ ಮನೆಗಳಲ್ಲಿ ಕಾರು ಅಂದರೆ ಎರಡು ರಾಜ್ಯಗಳ ನಡುವಿನ ಓಡಾಟ. ಕಚೇರಿ ಕೆಲಸ ನಾರಾಯಣಪೇಟ, ಮಹಬೂಬ್‌ನಗರದ ಕಡೆ. ಆಸ್ಪತ್ರೆ, ಕಾಲೇಜು, ಬೀಗರ ಮನೆ ರಾಯಚೂರು, ಯಾದಗಿರಿ ಕಡೆ. ಮನೆಗಿರುವ ಒಂದೇ ಕಾರು ಬೆಳಿಗ್ಗೆ ಯಜಮಾನರ ಜೊತೆ ಹೋಯಿತೆಂದರೆ ಉಳಿದವರೆಲ್ಲ ಬಸ್ಸು, ಆಟೊ ಕಾಯಬೇಕು. ಮುದುಕರಿಗೆ ಮೈಗೆ ಸರಿಯಿಲ್ಲದ ದಿನವಂತೂ ಹೇಳುವುದೇ ಬೇಡ. ಎರಡನೇ ಕಾರಿನ ಮಾತು ಹುಟ್ಟುವುದೇ ಇಲ್ಲಿಂದ.

ಆ ಎರಡನೇ ಕಾರು ಪೆಟ್ರೋಲಿನದು ಬೇಡ, ಕರೆಂಟಿನದೇ ಇರಲಿ ಎಂದು ತೀರ್ಮಾನಿಸಿದ ಮನೆಯಲ್ಲಿ ಮುಂದಿನ ಜಗಳ ಆಕಾರದ್ದು. ‘ಡಿಕ್ಕಿ ಇಲ್ದ ಕಾರು ಅದೇನ ಕಾರು?’ ಎನ್ನುವುದು ಹಿರಿಯರ ವಾದ. ‘ಮಾವಾರೆ, ಮೊದಲ ಹತ್ತಿ ಇಳಿಯೋದು ನೋಡ್ರಿ’ ಎನ್ನುವುದು ಸೊಸೆಯ ವಾದ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಹತ್ತು ಹನ್ನೆರಡು ಲಕ್ಷ ರೂಪಾಯಿಯ ಗಂಟು ಬಿಚ್ಚುವ ಮುನ್ನ ಇನ್ನೂ ಕೆಲವು ಲೆಕ್ಕಗಳನ್ನು ಹಾಕಲೇಬೇಕು.

ಸೆಡಾನ್ ಯಾವುದು, ಕ್ರಾಸೋವರ್ ಯಾವುದು?

ಹಿಂದೆ ಡಿಕ್ಕಿ ಬೇರೆಯಾಗಿ ಚಾಚಿಕೊಂಡು, ಮೈ ತಗ್ಗಾಗಿರುವುದು ಸೆಡಾನ್. ಕಾರಿನ ಚೌಕಟ್ಟಿನ ಮೇಲೆ ಜೀಪಿನಂತೆ ಎತ್ತರದ ಮೈ ಕೂರಿಸಿ, ಹಿಂದಿನ ಬಾಗಿಲು ಗಾಜಿನ ಸಮೇತ ಮೇಲಕ್ಕೆ ತೆರೆದುಕೊಳ್ಳುವುದು ಕ್ರಾಸೋವರ್. ಶೋರೂಂನವರು ಇದನ್ನೇ ಎಸ್‌ಯುವಿ ಎಂದು ಕರೆಯುತ್ತಾರೆ. ಹೆಸರು ಏನೇ ಇರಲಿ, ನೋಡಬೇಕಾದದ್ದು ನೆಲದಿಂದ ಹೊಟ್ಟೆಯವರೆಗಿನ ಎತ್ತರ ಮತ್ತು ಸೀಟಿನ ಎತ್ತರ.

ದೇಶದ ಎಲೆಕ್ಟ್ರಿಕ್ ಕಾರಿನ ಕಥೆ ಶುರುವಾದದ್ದು ಕರ್ನಾಟಕದಲ್ಲಿಯೇ. 2001ರಲ್ಲಿ ಬೆಂಗಳೂರಿನಿಂದ ಎರಡು ಬಾಗಿಲಿನ ಪುಟ್ಟ ರೇವಾ ಹೊರಬಂತು. 2016ರಲ್ಲಿ ಮಹೀಂದ್ರಾ ಕಂಪನಿ ವೆರಿಟೊ ಸೆಡಾನನ್ನು ಕರೆಂಟಿಗೆ ಬದಲಿಸಿ ಮಾರಿತು. ಅದು ಹೆಚ್ಚು ದಿನ ನಿಲ್ಲಲಿಲ್ಲ. 2021ರ ಆಗಸ್ಟ್‌ನಲ್ಲಿ ಮನೆಬಳಕೆಗೆಂದು ಟಾಟಾ ಟಿಗೋರ್ ಇವಿ ಬಂತು. ಸಾಮಾನ್ಯ ಕುಟುಂಬದ ಕೈಗೆಟುಕುವ ಎಲೆಕ್ಟ್ರಿಕ್ ಸೆಡಾನ್ ಎಂದರೆ ಇದೇ. 2024ರ ಮಾರ್ಚ್‌ನಲ್ಲಿ ಬಿವೈಡಿ ಕಂಪನಿಯ ಸೀಲ್ ಎಂಬ ಸೆಡಾನ್ ಬಂದರೂ ಅದರ ಬೆಲೆ 40 ಲಕ್ಷದ ಮೇಲೆ. ಎರಡನೇ ಕಾರಿನ ಮಾತಿಗೆ ಅದು ಸೇರದು.

ಕ್ರಾಸೋವರ್ ಸಾಲು ಮಾತ್ರ ಉದ್ದ. 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ, 2023ರ ಜನವರಿಯಲ್ಲಿ ಮಹೀಂದ್ರಾ ಎಕ್ಸ್‌ಯುವಿ 400, 2024ರ ಜನವರಿಯಲ್ಲಿ ಟಾಟಾ ಪಂಚ್ ಇವಿ, ಅದೇ ಸೆಪ್ಟೆಂಬರ್‌ನಲ್ಲಿ ಎಂಜಿ ವಿಂಡ್ಸರ್, 2025ರ ಜನವರಿಯಲ್ಲಿ ಹುಂಡೈ ಕ್ರೆಟಾ ಎಲೆಕ್ಟ್ರಿಕ್– ಹೀಗೆ ಒಂದರ ಹಿಂದೆ ಒಂದು ಬಂದವು. ಅಂದರೆ ಸೆಡಾನ್ ಬೇಕೆನ್ನುವವರಿಗೆ ಆಯ್ಕೆ ಮೊದಲೇ ಕಡಿಮೆ. ಚೌಕಾಸಿಗೂ ಜಾಗ ಕಡಿಮೆ.

ಮೊದಲು ಹೋಗಿ ಬರುವ ಲೆಕ್ಕ

ಟಿಗೋರ್ ಇವಿಯ 2022ರ ನವೆಂಬರ್ ಮಾದರಿಯಲ್ಲಿ 26 ಯೂನಿಟ್ ಹಿಡಿಯುವ ಬ್ಯಾಟರಿ ಇದೆ. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಪರೀಕ್ಷೆಯ ಪ್ರಕಾರ 315 ಕಿ.ಮೀ. ಪಂಚ್ ಇವಿ 2024ರಲ್ಲಿ ಬಂದಾಗ ಅದರ ಚಿಕ್ಕ ಬ್ಯಾಟರಿ 25 ಯೂನಿಟ್, ದೂರ ಅದೇ 315 ಕಿ.ಮೀ. ದೊಡ್ಡ 35 ಯೂನಿಟ್ ಬ್ಯಾಟರಿಗೆ 421 ಕಿ.ಮೀ. ಸೆಡಾನ್ ಮೈ ತಗ್ಗು, ಗಾಳಿ ಸೀಳಿಕೊಂಡು ಹೋಗುತ್ತದೆ, ಕರೆಂಟ್ ಉಳಿಯುತ್ತದೆ ಎಂಬ ಮಾತು ನಿಜವೇ. ಆದರೆ ಈ ಎರಡು ಕಾರುಗಳ ಕಾಗದದ ಲೆಕ್ಕದಲ್ಲಿ ಆ ಲಾಭ ಕಾಣುವುದಿಲ್ಲ. ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಹೆಚ್ಚು, ಹಾಗಾಗಿ ಹೈವೇಯಲ್ಲಿ ದಿನವೂ ಓಡುವವರಿಗೆ ಮಾತ್ರ ತಗ್ಗು ಮೈಯ ಲಾಭ ಕೈಗೆ ಸಿಗುತ್ತದೆ.

ಕಂಪನಿ ಹೇಳುವ ದೂರದಲ್ಲಿ ಮೂರರಲ್ಲಿ ಎರಡು ಪಾಲು ಹಿಡಿದುಕೊಂಡರೆ ಮೋಸವಿಲ್ಲ. 315ಕ್ಕೆ ಸುಮಾರು 210 ಕಿ.ಮೀ. ಮೇ ತಿಂಗಳ ಬಿಸಿಲಿನಲ್ಲಿ ಎ.ಸಿ. ಹಾಕಿ, ಐದು ಜನ ಕೂತು, ಜೋರಾಗಿ ಓಡಿಸಿದರೆ 180ಕ್ಕೂ ಇಳಿಯಬಹುದು. ಇದನ್ನು ನಮ್ಮ ಊರುಗಳ ದಾರಿಗೆ ಹೊಂದಿಸಿ ನೋಡಬೇಕು.

ಮಕ್ತಲ್‌ನಿಂದ ಕೃಷ್ಣಾ ಸೇತುವೆ, ಶಕ್ತಿನಗರ ದಾಟಿ ರಾಯಚೂರಿಗೆ 45 ಕಿ.ಮೀ. ಆಸುಪಾಸು. ಹೋಗಿ ಬಂದರೆ 90. ಗದ್ವಾಲ್‌ನಿಂದ ರಾಯಚೂರಿಗಾಗಲಿ ಕರ್ನೂಲಿಗಾಗಲಿ ಸುಮಾರು 60, ಹೋಗಿ ಬಂದರೆ 120. ನಾರಾಯಣಪೇಟದಿಂದ ಯಾದಗಿರಿ 50ರೊಳಗೆ, ಮಕ್ತಲ್ ಮೇಲಿಂದ ರಾಯಚೂರು 75ರ ಸಮೀಪ. ಹೋಗಿ ಬಂದರೆ 150. ಇವೆಲ್ಲವೂ ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿ, ದಾರಿಯಲ್ಲಿ ಎಲ್ಲೂ ಕೈಚಾಚದೆ ಮುಗಿಸಬಹುದಾದ ದೂರಗಳು. ಸೆಡಾನ್ ಆದರೂ ಅಷ್ಟೇ, ಕ್ರಾಸೋವರ್ ಆದರೂ ಅಷ್ಟೇ.

ಹೈದರಾಬಾದ್ ಮಾತು ಬೇರೆ. ನಾರಾಯಣಪೇಟದಿಂದ ಒಂದು ಕಡೆಗೇ 165 ಕಿ.ಮೀ. ದಾಟುತ್ತದೆ. ಗದ್ವಾಲ್‌ನಿಂದ 190ರ ಹತ್ತಿರ. ಚಿಕ್ಕ ಬ್ಯಾಟರಿಯ ಕಾರಿಗೆ ಅಲ್ಲಿ ಹೋಗಿ ಚಾರ್ಜ್ ಮಾಡದೆ ವಾಪಸು ಬರಲಾಗದು. ವರ್ಷಕ್ಕೆ ನಾಲ್ಕು ಸಲ ಹೋಗುವ ಹೈದರಾಬಾದ್‌ಗಾಗಿ ಮೂರ್ನಾಲ್ಕು ಲಕ್ಷ ಹೆಚ್ಚು ಕೊಟ್ಟು ದೊಡ್ಡ ಬ್ಯಾಟರಿ ಕೊಳ್ಳುವುದು ಜಾಣತನವಲ್ಲ. ಮನೆಯಲ್ಲಿ ಹಳೆಯ ಡೀಸೆಲ್ ಕಾರು ಇದ್ದೇ ಇದೆ. ಮೇಲಾಗಿ 2023ರ ಅಕ್ಟೋಬರ್‌ನಲ್ಲಿ ಜಕ್ಲೇರ್–ಕೃಷ್ಣಾ ನಡುವಿನ 37 ಕಿ.ಮೀ. ಹೊಸ ರೈಲು ಮಾರ್ಗ ಉದ್ಘಾಟನೆಯಾಗಿ, ಮಕ್ತಲ್ ಕಡೆಯವರಿಗೆ ಕಾಚಿಗುಡ–ರಾಯಚೂರು ರೈಲಿನ ದಾರಿ ತೆರೆದಿದೆ. ಎರಡನೇ ಕಾರು ಸ್ಟೇಷನ್ನಿಗೆ ಬಿಟ್ಟು ಬಂದರೆ ಸಾಕು. ನಾರಾಯಣಪೇಟದವರಿಗಂತೂ ಸ್ಟೇಷನ್ನಿಗೆ ಹೋಗುವುದೇ ರಾಜ್ಯ ದಾಟುವ ಕೆಲಸ. ‘ನಾರಾಯಣಪೇಟ ರೋಡ್’ ಎಂದು ಬಹುಕಾಲ ಕರೆಸಿಕೊಂಡ ರೈಲು ನಿಲ್ದಾಣ ಇರುವುದು ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ!

ಹಂಪ್, ಮೊಣಕಾಲು, ಸೀರೆ ಗಂಟು

ದೂರದ ಲೆಕ್ಕದಲ್ಲಿ ಎರಡೂ ಸಮವಾದ ಮೇಲೆ ಆಕಾರದ ಪ್ರಶ್ನೆ ನಿಲ್ಲುವುದು ರಸ್ತೆಯ ಮೇಲೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಸಾಮಾನ್ಯವಾಗಿ ಹೊಟ್ಟೆಯ ಕೆಳಗಿರುತ್ತದೆ. ಇಡೀ ಕಾರಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಭಾಗವೂ ಅದೇ. ಟಿಗೋರ್ ಇವಿಯ ಹೊಟ್ಟೆ ನೆಲದಿಂದ 172 ಮಿ.ಮೀ. ಎತ್ತರ, ಪಂಚ್ ಇವಿಯದು 190 ಮಿ.ಮೀ. ಎರಡರ ನಡುವೆ 18 ಮಿ.ಮೀ., ಅಂದರೆ ಮುಕ್ಕಾಲು ಇಂಚು ಮೀರದು. ಡಾಂಬರು ರಸ್ತೆಯಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ಊರವರೇ ಸಿಮೆಂಟಿನಲ್ಲಿ ಕಟ್ಟಿದ ಹಂಪ್, ಮಳೆಗಾಲದಲ್ಲಿ ಎರೆಮಣ್ಣು ಕುಸಿದು ಬಿದ್ದ ಗುಂಡಿ, ಹೊಲದ ದಾರಿಯ ಗಾಲಿ ಜಾಡು– ಇಲ್ಲೆಲ್ಲ ಐದು ಜನ ಕೂತಾಗ ಕಾರು ಮತ್ತಷ್ಟು ಕೆಳಗಿಳಿಯುತ್ತದೆ. ಆಗ ಆ ಮುಕ್ಕಾಲು ಇಂಚಿನ ಬೆಲೆ ತಿಳಿಯುತ್ತದೆ.

ಇನ್ನು ಮೊಣಕಾಲು. ಸೆಡಾನ್ ಸೀಟು ತಗ್ಗು. ಕೂರುವಾಗ ಬಾಗಿ ಕೆಳಗಿಳಿಯಬೇಕು, ಇಳಿಯುವಾಗ ಕೈಯೂರಿ ಏಳಬೇಕು. ಮೊಣಕಾಲು ನೋವಿನ ಅವ್ವ, ಸೀರೆ ಉಟ್ಟ ಅತ್ತೆ, ಆಪರೇಷನ್ ಆದ ಕಾಕಾ ಇರುವ ಮನೆಗೆ ಇದು ದಿನನಿತ್ಯದ ಕಷ್ಟ. ಕ್ರಾಸೋವರ್ ಸೀಟು ಸೊಂಟದ ಮಟ್ಟಕ್ಕೆ ಹತ್ತಿರವಿರುವುದರಿಂದ ಪಕ್ಕಕ್ಕೆ ತಿರುಗಿದರೆ ಕೂತಂತೆಯೇ. ತಿಂಗಳಿಗೊಮ್ಮೆ ರಾಯಚೂರು ಆಸ್ಪತ್ರೆಗೆ ಹೋಗುವವರಿದ್ದರೆ ಬೇರೆ ಮಾತೇ ಬೇಡ.

ಡಿಕ್ಕಿಯ ವಿಷಯದಲ್ಲಿ ಹಿರಿಯರ ನಂಬಿಕೆ ಸ್ವಲ್ಪ ಬದಲಾಗಬೇಕು. ಟಿಗೋರ್ ಇವಿಯ ಡಿಕ್ಕಿ 316 ಲೀಟರ್. ಡಿಕ್ಕಿಯೇ ಇಲ್ಲವೆಂದು ದೂರುವ ಪಂಚ್ ಇವಿಯಲ್ಲಿ 366 ಲೀಟರ್! ವಿಂಡ್ಸರ್‌ನಲ್ಲಿ 604 ಲೀಟರ್. ಗದ್ವಾಲ್ ಸೀರೆ ಬೆಂಕಿಪೊಟ್ಟಣದಲ್ಲಿ ಹಿಡಿಸುತ್ತದೆ ಎಂಬ ಮಾತು ಹಳೆಯದು. ಆದರೆ ಅಂಗಡಿಗೆ ಸೀರೆ ತರುವವರು ಗಂಟುಗಟ್ಟಲೆ ತರುತ್ತಾರೆ. ಸೆಡಾನ್ ಡಿಕ್ಕಿಯ ಬಾಯಿ ಕಿರಿದು, ದೊಡ್ಡ ಗಂಟು ಒಳಗೆ ತೂರುವುದಿಲ್ಲ. ಕ್ರಾಸೋವರ್‌ನ ಹಿಂದಿನ ಸೀಟು ಮಡಚಿದರೆ ಗಂಟು ನಿಲ್ಲಿಸಿಯೇ ತರಬಹುದು.

ಸೆಡಾನ್ ಪರವಾಗಿಯೂ ಎರಡು ಮಾತಿವೆ. ಸಾಮಾನು ಬೇರೆ ಕೋಣೆಯಲ್ಲಿ ಮುಚ್ಚಿರುವುದರಿಂದ ಹೊರಗಿನವರ ಕಣ್ಣಿಗೆ ಬೀಳದು, ಹಸಿ ತರಕಾರಿ, ಗೊಬ್ಬರದ ವಾಸನೆ ಒಳಗೆ ಬಾರದು. ತಗ್ಗು ಮೈಯ ಕಾರು ತಿರುವಿನಲ್ಲಿ ಅಷ್ಟು ಹೊಯ್ದಾಡುವುದಿಲ್ಲ, ಲಾರಿ ಪಕ್ಕದಲ್ಲಿ ಜೋರಾಗಿ ಹೋದಾಗಲೂ ನಡುಗುವುದು ಕಡಿಮೆ. ಗದ್ವಾಲ್‌ನಿಂದ ಎರ್ರವಲ್ಲಿ ಚೌರಸ್ತಾ ಹಿಡಿದು 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ದಿನವೂ ಓಡಾಡುವ ನೌಕರರಿಗೆ ಇದು ಒಪ್ಪುತ್ತದೆ.

ಸುರಕ್ಷತೆಯನ್ನೂ ಕೇಳಿಕೊಳ್ಳಬೇಕು. ಟಿಗೋರ್ ಇವಿಗೆ 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 4 ಸ್ಟಾರ್ ಬಂದಿತ್ತು. ಪಂಚ್ ಇವಿ, ನೆಕ್ಸಾನ್ ಇವಿ ಎರಡಕ್ಕೂ 2024ರ ಜೂನ್‌ನಲ್ಲಿ ಭಾರತ್ ಎನ್‌ಕ್ಯಾಪ್‌ನಲ್ಲಿ 5 ಸ್ಟಾರ್. ಪರೀಕ್ಷೆ ಬೇರೆ ಬೇರೆಯಾದ್ದರಿಂದ ಸ್ಟಾರ್ ಎಣಿಸಿ ನೇರವಾಗಿ ಹೋಲಿಸಲಾಗದು. ಮಕ್ಕಳನ್ನು ಕೂರಿಸುವ ಕಾರಿಗೆ ಸ್ಟಾರ್ ಇದೆಯೋ ಇಲ್ಲವೋ ಎಂದು ಕೇಳದೆ ಮಾತ್ರ ಇರಬಾರದು.

ಬೀಗರ ಮನೆಯ ಮೀಟರ್

ಮನೆಯಲ್ಲಿ ಚಾರ್ಜ್ ಮಾಡಲು 15 ಆಂಪಿಯರ್‌ನ ದೊಡ್ಡ ಸಾಕೆಟ್ ಸಾಕು. 25 ಯೂನಿಟ್ ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ತುಂಬಲು ಎಂಟೊಂಬತ್ತು ತಾಸು. ಮಕ್ತಲ್‌ನಿಂದ ರಾಯಚೂರಿಗೆ ಹೋಗಿ ಬಂದ ದಿನ ನಾಲ್ಕೈದು ತಾಸು. ಸರಿಯಾದ ಅರ್ಥಿಂಗ್, ಕಾರಿಗೆಂದೇ ಬೇರೆ ವೈರು, ಬೇರೆ ಎಂಸಿಬಿ ಇರಬೇಕು. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ರಾತ್ರಿಯಿಡೀ ಹಾಕಿ ಮಲಗುವುದು ಬೆಂಕಿಗೆ ಆಹ್ವಾನ. ಓಣಿಯೊಳಗಿನ ಹಳೆಯ ಮನೆಗಳಿಗೆ ಕಾರು ನಿಲ್ಲಿಸುವ ಜಾಗವೇ ಇರುವುದಿಲ್ಲ. ಅಂಥವರು ಆಕಾರದ ಚರ್ಚೆ ಬಿಟ್ಟು ಮೊದಲು ಪ್ಲಗ್ಗಿನ ಜಾಗ ಹುಡುಕಬೇಕು. ಅದು ಸಿಗದಿದ್ದರೆ ಕರೆಂಟ್ ಕಾರಿನ ವಿಚಾರವನ್ನೇ ಮುಂದಕ್ಕೆ ಹಾಕುವುದು ಲೇಸು.

ಗಡಿಯ ಎರಡೂ ಕಡೆ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ ಯೋಜನೆಗೆ ಒಂದೇ ಹೆಸರು, ಗೃಹಜ್ಯೋತಿ. ಕರ್ನಾಟಕದಲ್ಲಿ 2023ರಲ್ಲಿ, ತೆಲಂಗಾಣದಲ್ಲಿ 2024ರಲ್ಲಿ ಶುರುವಾಯಿತು. ತಿಂಗಳಿಗೆ 1,000 ಕಿ.ಮೀ. ಓಡುವ ಕಾರು ಸುಮಾರು 160 ಯೂನಿಟ್ ಎಳೆಯುತ್ತದೆ. ಅಲ್ಲಿಗೆ 200ರ ಗೆರೆ ದಾಟಿದಂತೆಯೇ. ಬಿಲ್ ಪೂರ್ತಿ ಕಟ್ಟಬೇಕು, ಅದೂ ಮೇಲಿನ ದರದಲ್ಲಿ. ರಾಯಚೂರಿನ ಅಕ್ಕನ ಮನೆಗೋ ಬೀಗರ ಮನೆಗೋ ಹೋದಾಗ ‘ಚಾರ್ಜಿಗೆ ಹಾಕ್ರಿ, ಏನಾಗ್ತದ’ ಎಂದು ಅವರು ಪ್ರೀತಿಯಿಂದ ಹೇಳಿಯಾರು. ಒಂದು ಸಲಕ್ಕೆ ಇಪ್ಪತ್ತು ಯೂನಿಟ್ ಎಳೆದರೆ ಅವರ ಆ ತಿಂಗಳ ಸೊನ್ನೆ ಬಿಲ್ ಕೈತಪ್ಪಬಹುದು. ಹೋಗಿ ಬರುವಷ್ಟು ಚಾರ್ಜ್ ಮನೆಯಿಂದಲೇ ತುಂಬಿಕೊಂಡು ಹೊರಟರೆ ಸಂಬಂಧವೂ ಉಳಿಯುತ್ತದೆ.

ಬಿಲ್ ತಗ್ಗಿಸಲು ಮನೆ ಮೇಲಿನ ಸೋಲಾರ್ ಒಂದು ದಾರಿ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಬಂದಾಗ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿತು. ನಮ್ಮ ಬಿಸಿಲಿಗೆ 3 ಕಿಲೋವಾಟ್‌ನಿಂದ ದಿನಕ್ಕೆ ಹತ್ತು ಹನ್ನೆರಡು ಯೂನಿಟ್ ಬರುತ್ತದೆ. ಕಾರಿಗೆ ಸಾಕಾಗಿ ಮನೆಗೂ ಮಿಕ್ಕುತ್ತದೆ. ಹೊಗೆಯ ಲೆಕ್ಕ ಕೇಳುವವರಿಗೂ ಇದೇ ಉತ್ತರ. ಕಾರು ಹೊಗೆ ಬಿಡದಿದ್ದರೂ ಕಲ್ಲಿದ್ದಲಿನಿಂದ ಬಂದ ಕರೆಂಟಿನ ಹಿಂದೆ ಹೊಗೆ ಇದ್ದೇ ಇರುತ್ತದೆ. ಶಕ್ತಿನಗರದ ಚಿಮಣಿಗಳನ್ನು ನೋಡುತ್ತ ಬೆಳೆದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ.

ನಂಬರ್ ಪ್ಲೇಟ್ ಯಾವ ರಾಜ್ಯದ್ದು?

ಎರಡನೇ ಕಾರಿಗೆ ತೆಲಂಗಾಣದಲ್ಲಿ ಒಂದು ವಿಶೇಷವಿದೆ. ಒಬ್ಬರ ಹೆಸರಿನಲ್ಲಿ ಆಗಲೇ ಒಂದು ಕಾರಿದ್ದು, ಅವರೇ ಇನ್ನೊಂದು ಪೆಟ್ರೋಲ್ ಅಥವಾ ಡೀಸೆಲ್ ಕಾರು ಕೊಂಡರೆ 2022ರ ದರಪಟ್ಟಿಯಂತೆ ಜೀವಿತಾವಧಿ ತೆರಿಗೆ ಮೊದಲ ಕಾರಿಗಿಂತ ಶೇ 2ರಷ್ಟು ಹೆಚ್ಚು. ಎಲೆಕ್ಟ್ರಿಕ್ ಕಾರಿಗೆ ಈ ಕಾಟವಿಲ್ಲ. 2024ರ ನವೆಂಬರ್‌ನಲ್ಲಿ ಜಾರಿಗೆ ಬಂದ ತೆಲಂಗಾಣದ ಹೊಸ ನೀತಿಯಲ್ಲಿ ರಸ್ತೆ ತೆರಿಗೆ, ನೋಂದಣಿ ಶುಲ್ಕ ಎರಡಕ್ಕೂ 2026ರ ಡಿಸೆಂಬರ್ 31ರವರೆಗೆ ಪೂರ್ತಿ ವಿನಾಯಿತಿ ಕೊಡಲಾಗಿದೆ. ಹತ್ತು ಲಕ್ಷ ದಾಟಿದ ಕಾರಿಗೆ ಇದು ಲಕ್ಷದ ಮೇಲಿನ ಉಳಿತಾಯ.

ಕರ್ನಾಟಕದಲ್ಲಿ 2016ರಿಂದ ತೆರಿಗೆ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ತೆರಿಗೆ ಬಿತ್ತು. ಎರಡೂ ಕಡೆ ಮನೆ, ಹೊಲ ಇರುವವರು ಎಲ್ಲಿ ಅಗ್ಗವೋ ಅಲ್ಲಿನ ನಂಬರ್ ಹಾಕಿಸೋಣ ಎಂದು ಯೋಚಿಸುವುದು ಸಹಜ. ಆದರೆ ಮೋಟಾರು ವಾಹನ ಕಾಯ್ದೆಯ 40ನೇ ಕಲಮಿನ ಪ್ರಕಾರ ಮಾಲೀಕರು ವಾಸವಿರುವ ಅಥವಾ ವ್ಯಾಪಾರ ಮಾಡುವ, ಕಾರು ಸಾಮಾನ್ಯವಾಗಿ ನಿಲ್ಲುವ ರಾಜ್ಯದಲ್ಲೇ ನೋಂದಣಿ ಆಗಬೇಕು. 47ನೇ ಕಲಮಿನಂತೆ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿನ ಹೊಸ ನಂಬರ್ ಪಡೆಯಬೇಕು. ಬಂದು ಹೋಗುವುದಕ್ಕೆ ಅಡ್ಡಿಯಿಲ್ಲ. ಮಕ್ತಲ್‌ನಲ್ಲಿ ನಿಲ್ಲುವ ಕಾರಿಗೆ ತೆಲಂಗಾಣದ ನಂಬರೇ ಸರಿ.

ನಿಂತ ಕಾರಿನಿಂದ ಉಳಿತಾಯವಿಲ್ಲ

ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ 5 ಮಾತ್ರ. ಆದರೆ 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಪೆಟ್ರೋಲ್ ಕಾರು ಮತ್ತೆ ಅಗ್ಗವಾಗಿದೆ. ಹಾಗಾಗಿ ಹಳೆಯ ಲೆಕ್ಕವನ್ನು ಹೊಸದಾಗಿ ಹಾಕಬೇಕು.

ಕರೆಂಟ್ ಕಾರಿಗೆ ಪೆಟ್ರೋಲ್ ಕಾರಿಗಿಂತ 3 ಲಕ್ಷ ಹೆಚ್ಚು ಕೊಟ್ಟಿರಿ ಎನ್ನೋಣ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ 160 ಯೂನಿಟ್, ಯೂನಿಟ್‌ಗೆ 9 ರೂಪಾಯಿ ಹಿಡಿದರೂ 1,440 ರೂಪಾಯಿ. ಲೀಟರ್‌ಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ 67 ಲೀಟರ್ ಬೇಕು. 2025ರಲ್ಲಿ ತೆಲಂಗಾಣದಲ್ಲಿ ಇದ್ದ 107 ರೂಪಾಯಿ ದರಕ್ಕೆ ಸುಮಾರು 7,150 ರೂಪಾಯಿ. ತಿಂಗಳಿಗೆ 5,700 ಉಳಿಯುತ್ತದೆ, ನಾಲ್ಕೂವರೆ ವರ್ಷದಲ್ಲಿ 3 ಲಕ್ಷ ವಾಪಸು. ಅದೇ ಕಾರು ತಿಂಗಳಿಗೆ 400 ಕಿ.ಮೀ. ಮಾತ್ರ ಓಡಿದರೆ? ಹೆಚ್ಚು ಕೊಟ್ಟ ಹಣ ತಿರುಗಿ ಬರಲು ಹತ್ತಿರ ಹತ್ತಿರ 11 ವರ್ಷ. ಈ ಟಿಗೋರ್, ಪಂಚ್ ಇವಿಗಳ ಬ್ಯಾಟರಿಗೆ ಕಂಪನಿ ಕೊಡುವ ಗ್ಯಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ.

ಇಡೀ ವಿಚಾರದ ತಿರುಳು ಇರುವುದು ಇಲ್ಲಿಯೇ. ಎರಡನೇ ಕಾರು ಎಂದು ಮೂಲೆಯಲ್ಲಿ ನಿಲ್ಲಿಸಿ, ಭಾನುವಾರ ಗುಡಿಗೆ ಹೋಗಲು ತೆಗೆಯುವುದಾದರೆ ಕರೆಂಟ್ ಕಾರು ನಷ್ಟದ ಬಾಬತ್ತು. ದಿನವೂ ಶಾಲೆ, ಅಂಗಡಿ, ಕೆಲಸ, ಆಸ್ಪತ್ರೆ ಎಂದು ಅದನ್ನೇ ಓಡಿಸಿ, ಹಳೆಯ ಡೀಸೆಲ್ ಕಾರನ್ನು ಹೈದರಾಬಾದ್, ತಿರುಪತಿಗೆ ಮೀಸಲಿಟ್ಟರೆ ಲಾಭ. ಬ್ಯಾಟರಿಯನ್ನು ಕಿ.ಮೀ. ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಪದ್ಧತಿಗೂ ಇದೇ ಪಾಠ. ವಿಂಡ್ಸರ್ 2024ರಲ್ಲಿ ಬಂದಾಗ ಕಾರಿಗೆ 9.99 ಲಕ್ಷ, ಬ್ಯಾಟರಿಗೆ ಕಿ.ಮೀ.ಗೆ 3.50 ರೂಪಾಯಿ ಎಂದಿತ್ತು. 1,000 ಕಿ.ಮೀ.ಗೆ 3,500 ರೂಪಾಯಿ ಬಾಡಿಗೆ, ಮೇಲೆ ಕರೆಂಟ್ ಬಿಲ್. ಹೆಚ್ಚು ಓಡಿಸುವವರು ಕಾಗದ ಓದದೆ ಸಹಿ ಹಾಕಬಾರದು.

ಹಳೆಯ ಟ್ಯಾಕ್ಸಿ, ಎಚ್ಚರ

ಸೆಕೆಂಡ್ ಹ್ಯಾಂಡ್ ಸೆಡಾನ್ ಹುಡುಕುವವರಿಗೆ ಒಂದು ಕಿವಿಮಾತು. ಟಿಗೋರ್ ಮೈಯಲ್ಲೇ ಎಕ್ಸ್‌ಪ್ರೆಸ್-ಟಿ ಎಂಬ ಟ್ಯಾಕ್ಸಿ ಕಾರನ್ನು 2021ರಲ್ಲಿ ಟಾಟಾ ಬಿಟ್ಟಿತು. ಆಗ ಅದರ ಬ್ಯಾಟರಿ 16.5 ಅಥವಾ 21.5 ಯೂನಿಟ್, ಪರೀಕ್ಷೆಯ ದೂರವೇ 165 ಅಥವಾ 213 ಕಿ.ಮೀ. ಮೂರರಲ್ಲಿ ಎರಡು ಪಾಲು ಹಿಡಿದರೆ ಚಿಕ್ಕದರಲ್ಲಿ 110 ಕಿ.ಮೀ. ಗದ್ವಾಲ್–ರಾಯಚೂರು ಹೋಗಿ ಬರುವುದಕ್ಕೂ ಸಾಲದು. ಆದ್ದರಿಂದ ಆರ್‌ಸಿ ಪುಸ್ತಕ, ಓಡಿದ ಕಿ.ಮೀ., ಬ್ಯಾಟರಿ ಆರೋಗ್ಯದ ವರದಿ, ಗ್ಯಾರಂಟಿ ಹೊಸ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂಬುದು– ಈ ನಾಲ್ಕನ್ನು ನೋಡದೆ ಮುಂಗಡ ಕೊಡಬೇಡಿ.

ಹೊಸದಾಗಲಿ ಹಳೆಯದಾಗಲಿ, ಆ ಕಾರಿನ ಬ್ಯಾಟರಿ ಕೆಲಸ ಬಲ್ಲ ಸರ್ವಿಸ್ ಸೆಂಟರ್ ಮಹಬೂಬ್‌ನಗರ, ರಾಯಚೂರು, ಕರ್ನೂಲು ಮೂರರಲ್ಲಿ ಎಲ್ಲಿದೆ ಎಂದು ಮೊದಲೇ ವಿಚಾರಿಸಿ. ಕೆಟ್ಟು ನಿಂತ ಎಲೆಕ್ಟ್ರಿಕ್ ಕಾರನ್ನು ಹಗ್ಗ ಕಟ್ಟಿ ಎಳೆಯುವಂತಿಲ್ಲ, ಲಾರಿ ಮೇಲೆ ಹೇರಿಕೊಂಡೇ ಒಯ್ಯಬೇಕು. ಸ್ಟೆಪ್ನಿ ಇದೆಯೇ, ಪಂಕ್ಚರ್ ಕಿಟ್ ಮಾತ್ರವೇ ಎಂದೂ ಕೇಳಿ.

ಊರಿಗೊಂದು ಉತ್ತರ

ನಾರಾಯಣಪೇಟದಲ್ಲಿ ಸೀರೆ ವ್ಯಾಪಾರ, ಹಳ್ಳಿ ನೇಕಾರರ ಮನೆಗಳ ಓಡಾಟ, ಮನೆಯಲ್ಲಿ ಹಿರಿಯರು ಇರುವವರಿಗೆ ಕ್ರಾಸೋವರ್. ಮಕ್ತಲ್‌ನಲ್ಲಿ ದಿನ ಬಿಟ್ಟು ದಿನ ರಾಯಚೂರು ಎನ್ನುವವರಿಗೆ ಚಿಕ್ಕ ಬ್ಯಾಟರಿಯ ಕ್ರಾಸೋವರ್ ಸಾಕು, ದೊಡ್ಡ ಬ್ಯಾಟರಿಗೆ ಹಣ ಸುರಿಯಬೇಕಿಲ್ಲ. ಗದ್ವಾಲ್‌ನಲ್ಲಿ ಹೆದ್ದಾರಿ ಹಿಡಿದೇ ಓಡಾಡುವ, ಮನೆಯಲ್ಲಿ ಮೊಣಕಾಲು ನೋವಿನವರಿಲ್ಲದ ಚಿಕ್ಕ ಕುಟುಂಬಕ್ಕೆ ಒಳ್ಳೆಯ ಸ್ಥಿತಿಯ ಸೆಡಾನ್ ಸಿಕ್ಕರೆ ತೆಗೆದುಕೊಳ್ಳಲು ಹಿಂಜರಿಕೆ ಬೇಡ.

ಟೆಸ್ಟ್ ಡ್ರೈವ್‌ಗೆ ಶೋರೂಂನವರು ತೋರಿಸುವ ಸಿಮೆಂಟ್ ರಸ್ತೆ ಸಾಲದು. ಕಾರನ್ನು ಮನೆಗೇ ತರಿಸಿ. ಹಿರಿಯರನ್ನು ಎರಡು ಸಲ ಹತ್ತಿಸಿ ಇಳಿಸಿ, ಅಂಗಡಿಯ ಒಂದು ಗಂಟು ಹಿಂದೆ ಹಾಕಿ, ಐದೂ ಜನ ಕೂತು ನಿಮ್ಮ ಓಣಿಯ ಹಂಪ್ ದಾಟಿಸಿ. ಹೊಟ್ಟೆ ತಗಲಿದರೆ ಆ ಕಾರು ಎಷ್ಟೇ ಚೆಂದವಿದ್ದರೂ ನಿಮ್ಮ ಮನೆಗೆ ಹೊಂದುವುದಿಲ್ಲ.